1500 ವ್ಯಾಟಿನ ಹೀಟರ್ ರಾಡ್ 918 ವ್ಯಾಟ್ ಮಾತ್ರ ಎಳೆಯುತ್ತಿದೆ. ರಾಡ್ ಡೂಪ್ಲಿಕೇಟಾ?

ಹೊಳಲ್ಕೆರೆ ಕಡೆಯ ಹಳ್ಳಿಯಿಂದ ನೀವು ಕೇಳಿರುವುದು ಇಷ್ಟು. ನೀರು ಕಾಯಿಸುವ ರಾಡಿನ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಬರೆದಿದೆ. ಬೆಳಿಗ್ಗೆ ಹಾಕಿ ಅಳೆದಾಗ 180 ವೋಲ್ಟ್, 5.1 ಆಂಪ್ ಬಂದಿದೆ. ಎರಡನ್ನೂ ಗುಣಿಸಿದರೆ 918 ವ್ಯಾಟ್. ಅಂಗಡಿಯವರು ಮೋಸ ಮಾಡಿದರಾ ಅಂತ ನಿಮ್ಮ ಅನುಮಾನ.

ಮೋಸ ಆಗಿಲ್ಲ. ರಾಡ್ ಚೆನ್ನಾಗಿದೆ, ನಿಮ್ಮ ಅಳತೆಯೂ ಸರಿಯಾಗಿದೆ. ನಾನು ಚಿತ್ರದುರ್ಗದಲ್ಲಿ ಇಂಥ ಸಾಮಾನುಗಳನ್ನೇ ರಿಪೇರಿ ಮಾಡುತ್ತೇನೆ. ಚಳಿಗಾಲದಲ್ಲಿ "ರಾಡ್ ಹಾಳಾಗಿದೆ, ನೀರು ಬೇಗ ಕಾಯಲ್ಲ" ಅಂತ ತರುವ ರಾಡುಗಳಲ್ಲಿ ಎಷ್ಟೋ ಸರಿಯಾಗೇ ಇರುತ್ತವೆ.

ವ್ಯಾಟ್ ಅನ್ನುವುದು ರಾಡಿನ ಸ್ವಂತ ಗುಣ ಅಲ್ಲ. ಅದರ ಸ್ವಂತದ್ದು ಓಮ್, ಅಂದರೆ ರೋಧ, ಕರೆಂಟಿಗೆ ಅದು ಒಡ್ಡುವ ತಡೆ. 1500 ವ್ಯಾಟ್ ಅನ್ನುವ ಮಾತು 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ. ಹಾಗಾಗಿ ಓಮ್ ಹೋಲಿಸಿ ನೋಡಿ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ರೋಧ: 180 ಭಾಗ 5.1, ಸುಮಾರು 35.3 ಓಮ್. ಇನ್ನು ಬರೆದಿರುವ ಲೆಕ್ಕ. 1500 ಭಾಗ 230, ಅಂದರೆ 6.52 ಆಂಪ್. 230 ಭಾಗ 6.52, ಮತ್ತೆ 35.3 ಓಮ್. ನಿಮ್ಮ ರಾಡ್ ಎಷ್ಟು ಪ್ರಾಮಾಣಿಕವಾಗಿದೆ ನೋಡಿ!

ವೋಲ್ಟೇಜ್ ಇಳಿದರೆ ಆಂಪೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎರಡೂ ಇಳಿದದ್ದರಿಂದ ವ್ಯಾಟಿಗೆ ಎರಡು ಪೆಟ್ಟು. ನಿಮ್ಮಲ್ಲಿ ವೋಲ್ಟೇಜ್ 230ರ ನೂರಕ್ಕೆ 78ರಷ್ಟಿದೆ, ವ್ಯಾಟ್ ನೂರಕ್ಕೆ 61 ಮಾತ್ರ. 15 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು 21 ನಿಮಿಷ ಸಾಕಾಗುತ್ತಿದ್ದದ್ದು ಈಗ 34 ನಿಮಿಷ ಬೇಕು. ಬಿಲ್ ಜಾಸ್ತಿ ಬರುತ್ತೆ ಅಂತ ಹೆದರಬೇಡಿ. ಹೆಚ್ಚು ಹೊತ್ತು ಉರಿದರೂ ಎಳೆಯುವುದು ಕಡಿಮೆ, ಎರಡೂ ಸೇರಿ ಸುಮಾರು ಅರ್ಧ ಯೂನಿಟ್ಟೇ. ಬಕೆಟ್ಟಿನಿಂದ ಗಾಳಿಗೆ ಹೋಗುವ ಬಿಸಿಯಷ್ಟು ಮಾತ್ರ ಹೆಚ್ಚು.

ವೋಲ್ಟೇಜ್ ಇಳಿದ ಪ್ರಮಾಣದಲ್ಲೇ ಆಂಪೂ ಇಳಿಯುತ್ತದೆ ಅನ್ನುವ ಈ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ತಂದ ಜರ್ಮನಿಯ ಜಾರ್ಜ್ ಓಮ್ ಶಾಲಾ ಮೇಷ್ಟ್ರು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಿರಲಿಲ್ಲ, ಲೆಕ್ಕ ಕೂಡುತ್ತಿರಲಿಲ್ಲ. ಕೊನೆಗೆ ಎರಡು ಲೋಹ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅಲುಗದ ವೋಲ್ಟೇಜ್ ಮಾಡಿಕೊಂಡರು. ನಮ್ಮ ಕಡೆ ತ್ರೀ ಫೇಸ್ ಬಿಟ್ಟ ಕೂಡಲೇ ತೋಟದ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ಬಲ್ಬು ಮಂಕಾಗುವುದನ್ನು ನೋಡಿದಾಗೆಲ್ಲ ಅವರ ಪಾಡು ನೆನಪಾಗುತ್ತದೆ. ಅದಕ್ಕೇ ವೋಲ್ಟ್, ಆಂಪ್ ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು. ವೈರನ್ನು ಸುತ್ತಿ ಹಿಡಿದು ಆಂಪ್ ಅಳೆಯುವ ಕ್ಲಾಂಪ್ ಮೀಟರನ್ನು ಒಂದೇ ವೈರಿಗೆ ಹಾಕಬೇಕು. ಎರಡೂ ವೈರನ್ನು ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ.

ನನಗೆ ಚಿಂತೆ ಇರುವುದು ರಾಡಿನದ್ದಲ್ಲ, 180 ವೋಲ್ಟಿನದ್ದು. ಒಂದು ಪರೀಕ್ಷೆ ಮಾಡಿ. ರಾಡ್ ಆಫ್ ಮಾಡಿ ಅದೇ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ. ಆಗಲೂ 182, 183 ಇದ್ದರೆ ನೀವು ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರ, ಲೈನಿನ ಕೊನೆಯಲ್ಲಿದ್ದೀರಿ ಅಂತ ಕಾಣುತ್ತದೆ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಅಳೆದ ಹೊತ್ತು ಮತ್ತು ವೋಲ್ಟೇಜ್ ಬರೆದೇ ಕೊಡಿ. ಆಫ್ ಮಾಡಿದಾಗ 210 ಇದ್ದು, ಆನ್ ಮಾಡಿದ ತಕ್ಷಣ 180ಕ್ಕೆ ಬಿದ್ದರೆ ವಿಷಯ ಬೇರೆ. 30 ವೋಲ್ಟ್ ದಾರಿಯಲ್ಲೇ ಉಳಿಯಿತು. 30 ಗುಣಿಸು 5.1, ಅಂದರೆ 153 ವ್ಯಾಟ್ ಬಿಸಿ ಎಲ್ಲೋ ವೈರಿನಲ್ಲಿ, ಇಲ್ಲವೇ ಸಡಿಲ ಜಾಯಿಂಟಿನಲ್ಲಿ ಹುಟ್ಟುತ್ತಿದೆ.

ಸಡಿಲ ಜಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋದ ವರ್ಷ ಒಬ್ಬರು ಪ್ಲಗ್ ತಂದಿದ್ದರು. ಒಂದು ಪಿನ್ ಹೊಳೆಯುತ್ತಿತ್ತು, ಇನ್ನೊಂದು ಕಪ್ಪಾಗಿ, ಅದರ ಬುಡದ ಪ್ಲಾಸ್ಟಿಕ್ ಸುಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಅಲ್ಲಿ ಅರ್ಧ ಓಮ್ ರೋಧ ಸೇರಿದ್ದರೂ ಸಾಕು. ಆಂಪಿನ ವರ್ಗವನ್ನು ಓಮಿನಿಂದ ಗುಣಿಸಿ: 6.5 ಗುಣಿಸು 6.5 ಗುಣಿಸು ಅರ್ಧ, 21 ವ್ಯಾಟ್. ನನ್ನ ಸಾಲ್ಡರಿಂಗ್ ಐರನ್ನೇ 25 ವ್ಯಾಟಿನದು! ಅದನ್ನು ಸಾಕೆಟ್ಟಿನೊಳಗೆ ಇಟ್ಟ ಹಾಗೆ. ನಿಮ್ಮ ರಾಡನ್ನು 6 ಆಂಪಿನ ಸಣ್ಣ ಸಾಕೆಟ್ಟಿಗೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ, 16 ಆಂಪಿನದ್ದು ಹಾಕಿಸಿ, ಅರ್ಥ್ ಸರಿ ಇದೆಯಾ ನೋಡಿಸಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ.

ಈ ಲೆಕ್ಕ ರಾಡ್, ಐರನ್ ಬಾಕ್ಸಿನಂಥವಕ್ಕೆ ನೇರವಾಗಿ ಕೂಡುತ್ತದೆ. ಹಳೇ 100 ವ್ಯಾಟಿನ ಬಲ್ಬನ್ನು ತಣ್ಣಗಿದ್ದಾಗ ಮಲ್ಟಿಮೀಟರಿನಲ್ಲಿ ನೋಡಿದರೆ ಸುಮಾರು 40 ಓಮ್, ಉರಿಯುವಾಗ 529. ಬಿಸಿಯಾದಂತೆ ರೋಧವೇ ಬದಲಾಗುವುದರಿಂದ ಬಲ್ಬಿಗೆ ಈ ಲೆಕ್ಕ ನೇರವಾಗಿ ಕೂಡಲ್ಲ. ಬೋರ್ ಮೋಟಾರಿಗಂತೂ ಇದನ್ನು ಹಚ್ಚಲೇಬೇಡಿ. ಅಲ್ಲಿ ಪವರ್ ಫ್ಯಾಕ್ಟರ್ ಬರುತ್ತದೆ, ಅಂದರೆ ವೋಲ್ಟ್, ಆಂಪ್ ಗುಣಿಸಿದ್ದಕ್ಕಿಂತ ನಿಜವಾದ ವ್ಯಾಟ್ ಕಡಿಮೆ ಇರುತ್ತದೆ, ಅದೂ ಅಲ್ಲದೆ ವೋಲ್ಟೇಜ್ ಇಳಿದಾಗ ಲೋಡ್ ಹೊತ್ತ ಮೋಟಾರು ಆಂಪನ್ನು ಜಾಸ್ತಿ ಎಳೆಯುತ್ತದೆ. ನಿಮ್ಮ ತೋಟದ ಮೋಟಾರೂ ಅದೇ ಟಿಸಿಯ ಮೇಲಿದ್ದರೆ, ವೋಲ್ಟೇಜ್ ಇಷ್ಟು ಕೆಳಗಿರುವಾಗ ಅದನ್ನು ಓಡಿಸಬೇಡಿ. ಆನ್-ಆಫ್ ಪರೀಕ್ಷೆಯ ಎರಡು ಸಂಖ್ಯೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.