ಪೀಪಾಯಿ ಇಲ್ಲದೆ ಓಕ್ ರುಚಿ: ಚಿಪ್ಸೋ, ಕ್ಯೂಬೋ?

ಪ್ರಶ್ನೆ: ತಿಕೋಟಾ ಹತ್ತಿರ ನಮ್ಮದೊಂದು ಲೈಸೆನ್ಸ್ ಇರುವ ಸಣ್ಣ ವೈನರಿ. ಮಾರ್ಚ್‌ನಲ್ಲಿ ಕಟಾವು ಮಾಡಿದ ಶಿರಾಜ್ (ಕೆಂಪು ವೈನಿನ ದ್ರಾಕ್ಷಿ) ಹುದುಗು ಮುಗಿದು 500 ಲೀಟರ್ ಸ್ಟೀಲ್ ಟ್ಯಾಂಕಿನಲ್ಲಿದೆ. ಓಕ್ ಪೀಪಾಯಿ ತರಿಸುವ ಶಕ್ತಿ ಇಲ್ಲ. ಹುರಿದ ಓಕ್ ಮರದ ಚಿಪ್ಸ್ (ತೆಳು ಚೂರು) ಹಾಕಬೇಕೋ, ಕ್ಯೂಬ್ (ಚೌಕ ತುಂಡು) ಹಾಕಬೇಕೋ? ಎಷ್ಟು, ಎಷ್ಟು ದಿನ? ಹೊಲದ ಜಾಲಿ ಕಟ್ಟಿಗೆ ಹುರಿದು ಹಾಕಿದರೆ ನಡೆದೀತೇ ಸರ್?

ಉತ್ತರ: ಜಾಲಿ ಖಂಡಿತ ಬೇಡ. ಅದರ ತೊಗಟೆಯ ಒಗರು ತೊಗಲು ಹದ ಮಾಡಲು ಬಳಸುವಂಥದ್ದು. ಯುರೋಪಿನಲ್ಲಿ ‘ಅಕೇಶಿಯಾ ಪೀಪಾಯಿ’ ಎಂದು ಮಾರುವುದು ರಾಬಿನಿಯಾ ಎಂಬ ಬೇರೆಯೇ ಮರ, ನಮ್ಮ ಜಾಲಿಯಲ್ಲ. ಎಣ್ಣೆ ಅಂಶವಿರುವ ಸಾಗವಾನಿಯೂ ಬೇಡ.

ನಿಮಗೆ ಕ್ಯೂಬ್ ಸರಿ. ಚಿಪ್ಸ್ ತೆಳುವಾದ್ದರಿಂದ ಒಂದೆರಡು ವಾರದಲ್ಲೇ ರಸ ಬಿಟ್ಟುಬಿಡುತ್ತದೆ. ವೈನ್‌ಗೆ ಹಸಿ ಕಟ್ಟಿಗೆಯ, ಗರಗಸದ ಹೊಟ್ಟಿನ ವಾಸನೆ ಅಂಟುವುದು ಹೆಚ್ಚಾಗಿ ಇದರಿಂದಲೇ. ನಮ್ಮ ಕಡೆ ಕಟಾವು ಮುಗಿದ ಕೂಡಲೇ ಏಪ್ರಿಲ್, ಮೇ ಬಿಸಿಲು. ಕೋಣೆ ಕಾದಷ್ಟೂ ಕಟ್ಟಿಗೆಯ ರಸ ಬೇಗ ಇಳಿಯುತ್ತದೆ. ಟ್ಯಾಂಕ್ 18 ಡಿಗ್ರಿ ದಾಟದಂತೆ ನೋಡಿಕೊಳ್ಳಿ; ಅದಾಗದಿದ್ದರೆ ಓಕ್ ಹಾಕುವುದನ್ನೇ ಮಳೆಗಾಲಕ್ಕೆ ಮುಂದೂಡಿ.

ಮರವನ್ನು ಆರಿಸುವಾಗ: ಅಮೆರಿಕನ್ ಓಕ್ ತೆಂಗಿನಕಾಯಿ, ವೆನಿಲಾ ಘಮವನ್ನು ಧಾರಾಳವಾಗಿ ಕೊಡುತ್ತದೆ. ಫ್ರೆಂಚ್ ಓಕ್‌ನ ಘಮ ಮೆಲುವು, ಒಗರು ಹೆಚ್ಚು, ಲವಂಗದಂಥ ಮಸಾಲೆ ಸುಳಿವು. ಶಿರಾಜ್ ಎರಡನ್ನೂ ತಾಳುತ್ತದೆ. ಹುರಿತ (ಟೋಸ್ಟ್) ಮೀಡಿಯಂ ಪ್ಲಸ್, ಅಂದರೆ ಮಧ್ಯಮಕ್ಕಿಂತ ತುಸು ಹೆಚ್ಚು, ಇರಲಿ. ಹೆವಿ ಟೋಸ್ಟ್‌ನ ಹೊಗೆವಾಸನೆ ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ.

ಪೂರ್ತಿ 500 ಲೀಟರಿಗೂ ಓಕ್ ಹಾಕಬೇಡಿ. 100 ಲೀಟರನ್ನು ಬೇರೆ ಪಾತ್ರೆಗೆ ಕಂಠಮಟ್ಟ ತುಂಬಿಸಿಡಿ. ಉಳಿದ 400 ಲೀಟರಿಗೆ ತೇಲುಮುಚ್ಚಳದ ಟ್ಯಾಂಕ್ ಬೇಕು, ಮೇಲೆ ಗಾಳಿ ಉಳಿದರೆ ವೈನ್ ಕೆಡುತ್ತದೆ. ಲೀಟರಿಗೆ 3 ಗ್ರಾಂನಂತೆ ಕ್ಯೂಬ್ 1.2 ಕಿಲೋ ಆಗುತ್ತದೆ. ಅದಕ್ಕೂ ಮೊದಲು ಒಂದೊಂದು ಲೀಟರಿನ ಬಾಟಲಿಗಳಲ್ಲಿ 2, 3, 4 ಗ್ರಾಂ ಹಾಕಿ ರುಚಿ ನೋಡಿ.

ಕ್ಯೂಬ್‌ಗಳನ್ನು ನೈಲಾನ್ ಜಾಳಿಗೆ ಚೀಲದಲ್ಲಿ ಸಡಿಲವಾಗಿ ಕಟ್ಟಿ, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತೂಕವೊಂದನ್ನು ಇಡಿ. ಇಲ್ಲದಿದ್ದರೆ ಮೊದಲ ದಿನಗಳಲ್ಲಿ ಮೇಲೆ ತೇಲುತ್ತವೆ. ಚೀಲದ ದಾರ ಹೊರಗೆ ಕೈಗೆ ಸಿಗುವಂತಿರಲಿ. ಕ್ಯೂಬ್ ಕುದಿಸಿ ತೊಳೆದರೆ ದುಡ್ಡು ಕೊಟ್ಟ ಘಮವೇ ನೀರುಪಾಲು. ಸಾಮಾನ್ಯವಾಗಿ ಎರಡು ತಿಂಗಳಾದರೂ ಬೇಕಾಗುತ್ತದೆ; ಆದರೂ ನಾಲ್ಕನೇ ವಾರದಿಂದ ವಾರಕ್ಕೊಮ್ಮೆ ರುಚಿ ನೋಡಿ, ಬೇಕಾದ್ದಕ್ಕಿಂತ ತುಸು ಮುಂದೆ ಹೋದಾಗ ಚೀಲ ಎತ್ತಿ. ಬಾಟಲಿಯಲ್ಲಿ ಆ ಅಬ್ಬರ ಸ್ವಲ್ಪ ಇಳಿಯುತ್ತದೆ.

ಕಟ್ಟಿಗೆಯ ರಂಧ್ರಗಳಲ್ಲಿರುವ ಗಾಳಿಯಿಂದ, ವೈನ್ ಕೆಡದಂತೆ ಕಾಯುವ ಫ್ರೀ ಸಲ್ಫರ್ ಡೈಆಕ್ಸೈಡ್ ಕುಸಿಯುತ್ತದೆ. ಚೀಲ ಇಳಿಸಿದ ವಾರದೊಳಗೆ ಅಳೆಯಿರಿ. ಪಿಎಚ್ (ಹುಳಿಯ ಅಳತೆ) 3.5 ಇದ್ದರೆ ಲೀಟರಿಗೆ ಸುಮಾರು 40 ಮಿ.ಗ್ರಾಂ ಬೇಕು, ಪಿಎಚ್ ಏರಿದರೆ ಇನ್ನೂ ಹೆಚ್ಚು. ಲೀಟರಿಗೆ 10 ಮಿ.ಗ್ರಾಂ ಕೊರತೆ ಕಂಡರೆ ಅದನ್ನು ತುಂಬಲು 400 ಲೀಟರಿಗೆ 7 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿ ಸಾಕು.

ಓಕ್ ಅತಿಯಾದರೆ ಮೊಟ್ಟೆಯ ಬಿಳಿಭಾಗ ಒಗರನ್ನು ತಗ್ಗಿಸುತ್ತದೆ, ವೆನಿಲಾ ಮತ್ತು ಹೊಗೆವಾಸನೆಯನ್ನು ತೆಗೆಯಲಾರದು. ಆಗ ಬೇರೆ ಇಟ್ಟ 100 ಲೀಟರನ್ನು ಸ್ವಲ್ಪಸ್ವಲ್ಪ ಬೆರೆಸಿ ಹದಕ್ಕೆ ತನ್ನಿ. ಪೀಪಾಯಿಯ ಹಲಗೆ ಮೂಲಕ ನುಸುಳುವ ಗಾಳಿಯಿಂದ ವೈನ್ ಮೆದುವಾಗುತ್ತದೆ. ಸ್ಟೀಲ್ ಟ್ಯಾಂಕಿನ ಕ್ಯೂಬ್ ಆ ಕೆಲಸ ಮಾಡದು. ಹಾಗಾಗಿ ಬಾಟಲಿ ತುಂಬುವ ಮುಂಚೆ ಒಂದೆರಡು ಸಲ ಎಚ್ಚರಿಕೆಯಿಂದ ಪಾತ್ರೆ ಬದಲಿಸಿ. ಬಳಸಿದ ಕ್ಯೂಬ್ ಒಣಗಿಸಿಟ್ಟರೆ ಬೂಸ್ಟು ಹಿಡಿಯುತ್ತದೆ, ಎಸೆದುಬಿಡಿ.