ಮೇಣದ ಹುಳು, ಇರುವೆ, ಕಣಜಗಳನ್ನು ತಡೆಯುವಂಥ ಜೇನು ಪೆಟ್ಟಿಗೆ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕುಮಟಾ ಸಮೀಪದ ತೋಟದಲ್ಲಿ ಎರಡು ಪೆಟ್ಟಿಗೆ ತುಡುವೆ, ಅಂದರೆ ನಮ್ಮ ನಾಡಿನ ಸಾಕುಜೇನು, ಇಟ್ಟಿದ್ದಿರಿ. ಮಳೆಗಾಲದ ನಡುವೆ ಒಂದು ಕುಟುಂಬ ಪೆಟ್ಟಿಗೆ ಬಿಟ್ಟು ಹೋಯಿತು, ಮುಚ್ಚಳ ತೆಗೆದರೆ ಎರಿಯ, ಅಂದರೆ ಮೇಣದ ಜೇನುತಟ್ಟಿಯ, ತುಂಬ ಬಲೆ ಕಟ್ಟಿಕೊಂಡ ಹುಳುಗಳು. ಉಳಿದ ಪೆಟ್ಟಿಗೆಗೆ ಈಗ ಇರುವೆ, ಕಣಜಗಳ ಕಾಟ. ವಿಡಿಯೋದಲ್ಲಿ ಕಂಡ, ತಳಕ್ಕೆ ಜಾಲರಿ ಹೊಡೆದ ಎರಿ ಕಟ್ಟಲು ಹತ್ತು ಚೌಕಟ್ಟುಗಳಿರುವ ದೊಡ್ಡ ಪೆಟ್ಟಿಗೆ ತರಿಸಿದರೆ ಇದೆಲ್ಲ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಿಲ್ಲುವುದಿಲ್ಲ, ಹೆಚ್ಚಾಗಬಹುದು. ನಾನು ಶಿರಸಿ ಕಡೆಯ ಬಡಗಿ. ಜೇನು ಸಾಕುತ್ತೇನೆ, ಸಾಕುವವರಿಗೆ ಪೆಟ್ಟಿಗೆಯನ್ನೂ ಮಾಡಿ ಕೊಡುತ್ತೇನೆ. ಆದ್ದರಿಂದ ಉತ್ತರದಲ್ಲಿ ಮರಗೆಲಸದ ಮಾತು ತುಸು ಹೆಚ್ಚಿದ್ದರೆ ಸಹಿಸಿಕೊಳ್ಳಿ.

ಆ ದೊಡ್ಡ ಪೆಟ್ಟಿಗೆ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿಗಾಗಿ ಹುಟ್ಟಿದ್ದು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಜೇನು ಓಡಾಡಲು ಬಿಡಬೇಕಾದ ಸಂದಿನ ಲೆಕ್ಕ ಕಂಡುಕೊಂಡು ಅದನ್ನು ರೂಪಿಸಿದ. ಅಲ್ಲಿನ ಜೇನುನೊಣ ದೊಡ್ಡದು, ಕುಟುಂಬವೂ ದೊಡ್ಡದು. ತಳದ ಜಾಲರಿ ಬಂದದ್ದು ವರೋವಾ ಎಂಬ ನುಸಿ ಕೆಳಗೆ ಉದುರಿಹೋಗಲಿ ಎಂದು. ವರೋವಾ ಮೂಲದಲ್ಲಿ ನಮ್ಮ ತುಡುವೆಯದೇ ಕಾಟ. ತುಡುವೆ ನೊಣಗಳು ಒಂದರ ಮೈಯನ್ನು ಇನ್ನೊಂದು ಕೆದಕಿ ಅದನ್ನು ತೆಗೆಯುತ್ತವೆ, ನುಸಿಯೂ ಹೆಚ್ಚಾಗಿ ಗಂಡು ನೊಣಗಳ ಮರಿಕಣದಲ್ಲಷ್ಟೇ ಬೆಳೆಯುತ್ತದೆ. ಅಂದರೆ ನೀವು ಹಣ ಕೊಟ್ಟು ತರಿಸಲು ಹೊರಟಿರುವುದು ನಿಮಗಿಲ್ಲದ ರೋಗದ ಮದ್ದು. ಅದರ ಜೊತೆಗೆ ಆಷಾಢದ ಥಂಡಿ ಗಾಳಿಗೆ ತಳದಲ್ಲೊಂದು ಬಾಗಿಲನ್ನೂ ತೆರೆದಿಟ್ಟ ಹಾಗಾಗುತ್ತದೆ.

ಮೆಲ್ಲಿಫೆರಾಕ್ಕೂ ತುಡುವೆಗೂ ಇನ್ನೊಂದು ವ್ಯತ್ಯಾಸವಿದೆ. ಪೆಟ್ಟಿಗೆ ಮಾಡುವವನಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಮೆಲ್ಲಿಫೆರಾ ಮರದ ಅಂಟನ್ನು ತಂದು ಗೂಡಿನ ಸಂದುಗಳನ್ನೆಲ್ಲ ಮೆತ್ತಿ ಮುಚ್ಚುತ್ತದೆ, ತುಡುವೆ ಆ ಅಂಟು ತರುವುದಿಲ್ಲ. ಹಾಗಾಗಿ ನೀವು ಬಿಟ್ಟ ಬಿರುಕು ಬಿರುಕಾಗಿಯೇ ಉಳಿಯುತ್ತದೆ, ಅಲ್ಲಿ ಮೇಣದ ಪತಂಗ ಮೊಟ್ಟೆಯಿಡುತ್ತದೆ, ನೀವು ಕಂಡ ಹುಳುಗಳು ಅದರ ಮರಿಗಳೇ. ನೊಣದ ತಲೆ ತೂರದ, ಪತಂಗದ ಹಿಂಬದಿ ತೂರುವ ಸಂದು ಇದ್ದರೆ ಮುಗಿಯಿತು. ಕಾಟ ಮಿತಿಮೀರಿದರೆ ತುಡುವೆ ಹೋರಾಡುತ್ತ ಕೂರುವ ಜಾತಿಯಲ್ಲ, ಗೂಡು ಬಿಟ್ಟು ಹಾರಿಹೋಗುತ್ತದೆ. ನಿಮ್ಮಲ್ಲಿ ಆದದ್ದೂ ಬಹುಶಃ ಅದೇ. ಹೀಗಾಗಿ ಪೆಟ್ಟಿಗೆ ಕಟ್ಟುವಾಗಲೂ ಇಡುವಾಗಲೂ ನಾನು ನೋಡುವುದು ಒಂದನ್ನೇ: ನೊಣ ಕಾಯಲಾಗದ ಜಾಗ ಒಳಗೆ ಎಲ್ಲಿದೆ?

ಅಂಥ ಜಾಗದಲ್ಲಿ ದೊಡ್ಡದು ಖಾಲಿ ಜಾಗ. ದಕ್ಷಿಣ ಭಾರತದಲ್ಲಿ ಫಾದರ್ ನ್ಯೂಟನ್ 1910ರ ಸುಮಾರಿಗೆ ತುಡುವೆಗೆಂದು ರೂಪಿಸಿದ ಪೆಟ್ಟಿಗೆಯಲ್ಲಿ ಮರಿಕೋಣೆಗೆ, ಅಂದರೆ ಮರಿಗಳು ಬೆಳೆಯುವ ಕೆಳಗಿನ ಕೋಣೆಗೆ, ಏಳು ಸಣ್ಣ ಚೌಕಟ್ಟುಗಳಿವೆ. ನಮ್ಮ ಕಡೆಗೆ ಅಷ್ಟು ಸಾಕು. ಅದರಲ್ಲೂ ಮಳೆಗಾಲದಲ್ಲಿ ಕುಟುಂಬ ಕುಗ್ಗಿ ಮೂರು ನಾಲ್ಕು ಎರಿಗೆ ಇಳಿಯುತ್ತದೆ. ಆಗ ಹತ್ತು ಚೌಕಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟರೆ, ಮೂರು ಜನ ಉಳಿದ ಮನೆಯವರಿಗೆ ಹದಿನಾರು ಅಂಕಣದ ಮನೆ ಕೊಟ್ಟು ಮೂಲೆಮೂಲೆ ಗುಡಿಸಿ ಎಂದಂತೆ. ನೊಣ ಕೂತಿರದ ಎರಿಯನ್ನು ತೆಗೆದುಬಿಡಿ. ಉಳಿದ ಎರಿಗಳ ಪಕ್ಕಕ್ಕೆ, ಪೆಟ್ಟಿಗೆಯ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರುವ ಒಂದು ಅಡ್ಡಹಲಗೆ ನಿಲ್ಲಿಸಿ. ಮೇಲಿನ ಜೇನುಕೋಣೆಯನ್ನು ಜೂನ್ ಮಳೆ ಹಿಡಿಯುವ ಮೊದಲೇ ಇಳಿಸಿ. ಜೇನು ತೆಗೆದ ಖಾಲಿ ಎರಿಯೊಂದಿಗೆ ಅದನ್ನು ಹಾಗೆಯೇ ಬಿಡುವವರು ಕರಾವಳಿಯಲ್ಲಿ ತುಂಬ ಜನ ಇದ್ದಾರೆ, ಆಮೇಲೆ ಪೆಟ್ಟಿಗೆ ಸರಿಯಿಲ್ಲ ಎಂದು ನನಗೆ ಫೋನ್ ಮಾಡುತ್ತಾರೆ.

ಇನ್ನು ಅಳತೆ. ಒಂದು ಎರಿಯ ನಡುವಿನಿಂದ ಇನ್ನೊಂದರ ನಡುವಿಗೆ ತುಡುವೆಗೆ 30ರಿಂದ 32 ಮಿಲಿಮೀಟರ್ ಬೇಕು, ಮೆಲ್ಲಿಫೆರಾಕ್ಕೆ 35. ಚೌಕಟ್ಟಿಗೂ ಗೋಡೆಗೂ ನಡುವೆ ಏಳೆಂಟು ಮಿಲಿಮೀಟರ್ ಬಿಡಬೇಕು. ಕಡಿಮೆಯಾದರೆ ನೊಣ ಅಲ್ಲಿ ನುಸುಳಿ ಶುಚಿ ಮಾಡಲಾರದು, ಹೆಚ್ಚಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ, ಆಮೇಲೆ ಚೌಕಟ್ಟು ಎತ್ತಲು ಹೋದರೆ ಎರಿ ಹರಿದು ಜೇನು ಸೋರುತ್ತದೆ. ಸೋರಿದ ಜೇನಿಗೆ ಇರುವೆ ಬರಲು ಗಳಿಗೆ ಸಾಕು.

ಮರದ ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ. ಹಲಸು ಒಳ್ಳೆಯದು, ಸಾಗುವಾನಿ ಆಗುತ್ತದೆ, ಆದರೆ ಹಲಗೆ ಪೂರ್ತಿ ಒಣಗಿರಬೇಕು. ಹಸಿ ಹಲಗೆಯಲ್ಲಿ ಮಾಡಿದ ಪೆಟ್ಟಿಗೆ ಮಾಡಿದ ದಿನ ಚಂದವೇ ಕಾಣುತ್ತದೆ. ಮಾರ್ಚ್ ಬಿಸಿಲಿಗೆ ಹಲಗೆ ಅಗಲದಲ್ಲಿ ಕುಗ್ಗಿ ಮೂಲೆಗಳು ಬಾಯಿ ಬಿಡುತ್ತವೆ. ಮೂಲೆಯಲ್ಲಿ ಹಲಗೆಗೆ ಹಲಗೆ ತಾಗಿಸಿ ಮೊಳೆ ಹೊಡೆದ ಪೆಟ್ಟಿಗೆ ಕೊಳ್ಳಬೇಡಿ, ಒಂದರೊಳಗೊಂದು ಕಚ್ಚಿ ಕೂತಿರಬೇಕು. ಪ್ಲೈವುಡ್ ಕರಾವಳಿಯ ತೇವಕ್ಕೆ ಪದರ ಬಿಡುತ್ತದೆ, ಆ ಪದರಗಳ ನಡುವೆ ಹುಳು ಹೊಕ್ಕರೆ ತೆಗೆಯುವ ದಾರಿಯೇ ಇಲ್ಲ. ಇರುವ ಪೆಟ್ಟಿಗೆಯಲ್ಲಿ ಸಂದು ಇದ್ದರೆ ಮರದ ಹೊಟ್ಟನ್ನು ಮರದ ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ, ವಾಸನೆ ಹೋಗುವವರೆಗೆ ಬಿಸಿಲಿಗಿಡಿ. ಬಣ್ಣ ಹೊರಗಡೆಗೆ ಮಾತ್ರ. ಹಳೆಯ ಪೆಟ್ಟಿಗೆಯ ಒಳಗೋಡೆ, ಚೌಕಟ್ಟುಗಳಲ್ಲಿ ದೋಣಿಯಾಕಾರದ ಸಣ್ಣ ಗುಳಿಗಳು ಕಂಡರೆ ಅಲ್ಲಿ ಮೇಣದ ಹುಳು ಮರ ಕೆತ್ತಿ ಗೂಡು ಕಟ್ಟಿತ್ತು ಎಂದು ತಿಳಿಯಿರಿ. ಅವನ್ನೂ ತುಂಬಬೇಕು.

ತಳದ ಹಲಗೆ, ನಾವು ಅಡಿಮಣೆ ಎನ್ನುವುದು, ಮೊಳೆ ಹೊಡೆದು ಕೂರಿಸಿದ್ದಾಗಿರಬಾರದು. ತುಡುವೆ ಹಳೆಯ ಎರಿಯನ್ನು ತಾನೇ ಕಡಿದು ಕೆಳಗೆ ಉದುರಿಸುತ್ತದೆ. ಆ ಮೇಣದ ಪುಡಿ, ಪರಾಗ, ಸತ್ತ ನೊಣ ಎಲ್ಲ ಸೇರಿ ತಳದಲ್ಲಿ ಕಸವಾಗುತ್ತದೆ, ಮರಿಹುಳು ಮೊದಲು ಬೆಳೆಯುವುದು ಅಲ್ಲಿಯೇ. ಬೆಚ್ಚಗಿನ ಹವೆಯಲ್ಲಿ ಪತಂಗದ ಮೊಟ್ಟೆ ಒಡೆಯಲು ಮೂರರಿಂದ ಐದು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆಯಾದರೂ ಗುಡಿಸಲೇಬೇಕು. ಮಳೆಯಲ್ಲಿ ಪೆಟ್ಟಿಗೆ ಬಿಚ್ಚುವುದು ಹೇಗೆ? ನಾನು ಅಡಿಮಣೆಯ ಮೇಲೆ ಹಿಂಬದಿಯಿಂದ ಎಳೆದು ತೆಗೆಯುವ ತೆಳುವಾದ ತಗಡಿನ ತಟ್ಟೆಯೊಂದನ್ನು ಕೂರಿಸಿ ಕೊಡುತ್ತೇನೆ. ಎಳೆದು, ಕೆರೆದು, ಮತ್ತೆ ತಳ್ಳಿದರೆ ಆಯಿತು, ನೊಣಕ್ಕೆ ಗೊತ್ತೂ ಆಗುವುದಿಲ್ಲ. ಕೆರೆದ ಕಸವನ್ನು ಅಲ್ಲಿಯೇ ಬುಡಕ್ಕೆ ಚೆಲ್ಲದೆ ಒಲೆಗೆ ಹಾಕಿ. ಅಡಿಮಣೆ ಬಾಗಿಲಿನ ಕಡೆಗೆ ತುಸು ಇಳಿಜಾರಾಗಿದ್ದರೆ ಇರಚಲು ನೀರು ಒಳಗೆ ನಿಲ್ಲುವುದಿಲ್ಲ. ಪತಂಗಕ್ಕೆ ಬೇಕಾದದ್ದು ಮರಿಗಳು ಹುಟ್ಟಿ ಹುಟ್ಟಿ ಕಪ್ಪಾದ ಎರಿ, ಹೊಸ ಬಿಳಿ ಎರಿ ಅದಕ್ಕೆ ಅಷ್ಟಾಗಿ ರುಚಿಸುವುದಿಲ್ಲ. ವರ್ಷಕ್ಕೊಮ್ಮೆ ಕಪ್ಪು ಎರಿಗಳನ್ನು ಕತ್ತರಿಸಿ ತೆಗೆದು ಹೊಸದು ಕಟ್ಟಲು ಬಿಟ್ಟರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಇರುವೆಯ ಬಗ್ಗೆ: ನೀವು ಕಳಿಸಿದ ಚಿತ್ರದಲ್ಲಿ ಪೆಟ್ಟಿಗೆ ಕೂತಿರುವುದು ಒಂದರ ಮೇಲೊಂದು ಪೇರಿಸಿದ ಚಿರೆಕಲ್ಲುಗಳ ಮೇಲೆ. ಚಿರೆಕಲ್ಲಿನ ತೂತುಗಳೇ ಇರುವೆಗೆ ಮನೆ, ತೆಗೆಯಿರಿ. ನಾಲ್ಕು ಕಾಲಿನ ಸ್ಟ್ಯಾಂಡು ಮಾಡಿ ಪ್ರತಿ ಕಾಲನ್ನೂ ನೀರಿನ ಗೆರಟೆಯಲ್ಲಿ ಇಡುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಮಳೆಗಾಲದಲ್ಲಿ ಎಲೆ, ಕೆಸರು ತುಂಬಿ ಸೇತುವೆಯಾಗುತ್ತದೆ, ನೊಣಗಳು ಬಿದ್ದು ಸಾಯುತ್ತವೆ, ಸೊಳ್ಳೆಯೂ ಆಗುತ್ತದೆ. ಅದಕ್ಕಿಂತ ಒಂದೇ ಕಂಬ ಒಳ್ಳೆಯದು. ಸತುವಿನ ಲೇಪವಿರುವ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ಹುಗಿಯಿರಿ. ಕಡಲ ಗಾಳಿಗೆ ಬರೀ ಕಬ್ಬಿಣ ಉಳಿಯದು. ನೆಲದಿಂದ ಎರಡು, ಎರಡೂವರೆ ಅಡಿ ಎತ್ತರ ಇರಲಿ. ನಡುವೆ ಒಂದು ಪ್ಲಾಸ್ಟಿಕ್ ಬಟ್ಟಲಿನ ತಳಕ್ಕೆ ತೂತು ಕೊರೆದು ಪೈಪಿಗೆ ಬೋರಲಾಗಿ ಪೋಣಿಸಿ, ತೂತಿನ ಸುತ್ತ ಸಂದು ಉಳಿಯದಂತೆ ಮೆತ್ತಿ, ಬಟ್ಟಲಿನ ಒಳಮೈಗೆ ಗ್ರೀಸ್ ಬಳಿಯಿರಿ. ಬೋರಲು ಇರುವುದರಿಂದ ಗ್ರೀಸಿಗೆ ಮಳೆಯೂ ಧೂಳೂ ತಾಗುವುದಿಲ್ಲ, ನೊಣವೂ ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆದರೂ ಆಗಾಗ ನೋಡಿ, ಸತ್ತ ಇರುವೆಗಳ ಮೇಲೆಯೇ ನಡೆದು ದಾಟುವುದು ಅವಕ್ಕೆ ಗೊತ್ತು.

ಚಗಳಿಗೆ, ಅಂದರೆ ಮರದಲ್ಲಿ ಎಲೆಗೂಡು ಕಟ್ಟುವ ಕೆಂಪಿರುವೆಗೆ, ಮಾತ್ರ ಕಂಬದ ಲೆಕ್ಕ ಹಿಡಿಯುವುದಿಲ್ಲ. ಅದು ಬರುವುದು ಮೇಲಿನಿಂದ. ಗೇರು, ಮಾವಿನ ಒಂದು ಎಲೆ ಮುಚ್ಚಳಕ್ಕೆ ತಾಗಿದರೆ ಸಾಕು, ಒಂದರ ಸೊಂಟ ಒಂದು ಹಿಡಿದು ಸರಪಳಿ ಕಟ್ಟಿ ಇಳಿಯುತ್ತದೆ. ಪೆಟ್ಟಿಗೆಯ ಸುತ್ತ ಒಂದು ಮಾರು ದೂರದವರೆಗೆ ಕೊಂಬೆ, ಹುಲ್ಲು, ಅಡಿಕೆ ಸೋಗೆ ಏನೂ ತಾಗಬಾರದು. ಔಷಧಿ ಹೊಡೆಯಬೇಡಿ, ನೊಣವೂ ಸಾಯುತ್ತದೆ. ಗೂಡು ಕೈಗೆಟುಕಿದರೆ ಇಳಿಸಿ ಚಟ್ನಿ ಮಾಡಿ, ಜೊಯಿಡಾದವರು ವಿಧಾನ ಹೇಳಿಕೊಡುತ್ತಾರೆ. ಸಕ್ಕರೆ ಪಾಕ ಕೊಡುವುದಿದ್ದರೆ ಸಂಜೆ, ಪೆಟ್ಟಿಗೆಯ ಒಳಗೇ, ಚೆಲ್ಲದಂತೆ.

ಕಣಜ ಬಾಗಿಲಲ್ಲಿ ಕೂತು ಒಂದೊಂದೇ ನೊಣವನ್ನು ಎತ್ತಿಕೊಂಡು ಹೋಗುತ್ತದೆ, ಕುಟುಂಬ ಬಲಹೀನವಾದರೆ ಒಳಗೇ ನುಗ್ಗುತ್ತದೆ. ತುಡುವೆಯ ಬಳಿ ಇದಕ್ಕೊಂದು ಉಪಾಯವಿದೆ: ಸಿಕ್ಕ ಕಣಜವನ್ನು ನೂರಾರು ನೊಣಗಳು ಮುತ್ತಿ ಉಂಡೆ ಕಟ್ಟಿ, ಮೈ ಅದುರಿಸಿ, ಒಳಗಿನ ಶಾಖವನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿಸಿ ಬೇಯಿಸಿ ಕೊಲ್ಲುತ್ತವೆ. ಆದರೆ ಅದಕ್ಕೆ ಜನಬಲ ಬೇಕು, ಬಾಗಿಲೂ ಕಿರಿದಾಗಿರಬೇಕು. ನಿಮ್ಮ ಪೆಟ್ಟಿಗೆಯ ಅಗಲವಾದ ಬಾಗಿಲಿಗೆ ಒಂದು ತಗಡು ಹೊಡೆದು, 5.5 ಮಿಲಿಮೀಟರ್ ಎತ್ತರದ ಸೀಳು ಮಾತ್ರ ಬಿಡಿ. ನೊಣ ಸಲೀಸಾಗಿ ಓಡಾಡುತ್ತದೆ, ಕಣಜದ ಎದೆ ತೂರುವುದಿಲ್ಲ. ಮರದ ಪಟ್ಟಿಯಾದರೆ ತೇವಕ್ಕೆ ಉಬ್ಬಿ ಅಳತೆ ತಪ್ಪುತ್ತದೆ. ರಾತ್ರಿ ಜೇನು ಕುಡಿಯಲು ನುಗ್ಗುವ, ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿರುವ ದೊಡ್ಡ ಪತಂಗಕ್ಕೂ ಇದೇ ಮದ್ದು. ಹೊರಗೆ ಹೊಂಚುವ ಕಣಜಗಳನ್ನು ಸೊಳ್ಳೆ ಬ್ಯಾಟಿನಲ್ಲಿ ಹೊಡೆಯಿರಿ, ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆಯ ಯಂತ್ರ ಬಂದಿಲ್ಲ.

ಕಪ್ಪೆಗಳಿಗೆ ಕಂಬದ ಎತ್ತರವೇ ಉತ್ತರ. ಹಲ್ಲಿ, ಜಿರಲೆಗಳು ಮುಚ್ಚಳದ ಕೆಳಗಿನ ಖಾಲಿಯಲ್ಲಿ ಸೇರುತ್ತವೆ. ಗಾಳಿಗಂಡಿಗೆ ತುಕ್ಕು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ. ಕಳ್ಳಿಪೀರ, ಕಾಜಾಣ ಹಕ್ಕಿಗಳ ತಂಟೆಗೆ ಹೋಗಬೇಡಿ, ಅವು ಕಣಜವನ್ನೂ ತಿನ್ನುತ್ತವೆ. ಅವು ಸಾಲಾಗಿ ಕೂರುವ ವಿದ್ಯುತ್ ತಂತಿಯ ಕೆಳಗೆ ಪೆಟ್ಟಿಗೆ ಇಡದಿದ್ದರೆ ಸಾಕು. ಯಲ್ಲಾಪುರ, ಜೊಯಿಡಾದ ಕಾಡಂಚಿನವರಿಗೆ ಕರಡಿಯ ಚಿಂತೆಯಿದೆ. ಕರಡಿಯ ಮುಂದೆ ನನ್ನ ಯಾವ ಕಚ್ಚೂ ನಿಲ್ಲುವುದಿಲ್ಲ, ಮನೆಯಂಗಳಕ್ಕೆ ತರುವುದೇ ದಾರಿ. ಸೌರ ಬೇಲಿ ಹಾಕಬಹುದು, ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಜೀವವೂ ಹೋಗುತ್ತದೆ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಮುಗಿಸಿದ ಥಾಯ್ ಸ್ಯಾಕ್ ಬ್ರೂಡ್ ಎಂಬ, ಜೇನುಮರಿಗಳನ್ನು ಕೊಲ್ಲುವ ವೈರಸ್ಸಿನ ರೋಗವಂತೂ ಪೆಟ್ಟಿಗೆಯ ಕೈಯಲ್ಲಿಲ್ಲ. ಬೇರೆಯವರ ಮರಿ ಇರುವ ಎರಿಯನ್ನು ನೋಡದೆ ತಂದು ಕೂರಿಸಬೇಡಿ ಎಂದಷ್ಟೇ ಹೇಳಬಲ್ಲೆ.

ಖಾಲಿಯಾದ ಪೆಟ್ಟಿಗೆಯನ್ನು ಬಿಸಾಡಬೇಕಿಲ್ಲ. ಹುಳು ಹಿಡಿದ ಎರಿಯನ್ನು ಇವತ್ತೇ ತೆಗೆದು ಸುಟ್ಟುಬಿಡಿ, ಇಲ್ಲವಾದರೆ ಉಳಿದ ಪೆಟ್ಟಿಗೆಗೆ ಪತಂಗ ಅಲ್ಲಿಂದಲೇ ಬರುತ್ತದೆ. ಒಳಗೋಡೆ ಕೆರೆದು, ಮೂಲೆಗಳಿಗೆಲ್ಲ ಕುದಿಯುವ ನೀರು ಹೊಯ್ದು, ಬಿಸಿಲು ಬಂದಾಗ ಒಣಗಿಸಿ, ಬಾಗಿಲು ಮುಚ್ಚಿ ಅಟ್ಟದ ಮೇಲಿಡಿ. ಮಳೆ ಮುಗಿದು ಕುಟುಂಬಗಳು ಪಾಲಾಗುವ ಕಾಲಕ್ಕೆ ಒಳಗೋಡೆಗೆ ತುಸು ಜೇನುಮೇಣ ಉಜ್ಜಿ ಹೊರಗಿಟ್ಟರೆ ಹೊಸ ಸಂಸಾರ ತಾನಾಗಿ ಬಂದು ಸೇರುವುದೂ ಉಂಟು. ಬಾಗಿಲ ಸೀಳು, ಹಿಂಬದಿಯ ತಟ್ಟೆ ಎರಡನ್ನೂ ಅದಕ್ಕಿಂತ ಮೊದಲೇ ಕೂರಿಸಿಕೊಳ್ಳಿ. ನಿಮ್ಮೂರಿನ ಬಡಗಿಗೆ ಈ ಅಳತೆ ತೋರಿಸಿದರೆ ಅರ್ಧ ದಿನದ ಕೆಲಸ.