80 ಹಾಸಿಗೆಯ ಆಸ್ಪತ್ರೆಗೆ ಯಾವ ಫೈರ್‌ವಾಲ್ ಒಳ್ಳೇದು?

ಫೈರ್‌ವಾಲ್, ಅಂದರೆ ಹೊರಗಿಂದ ನೆಟ್‌ವರ್ಕಿಗೆ ನುಗ್ಗುವವರನ್ನು ತಡೆಯುವ ಕಾವಲು, ಅದನ್ನು ಆಮೇಲೆ ನೋಡೋಣ. ಲ್ಯಾಬ್ ಸಾಫ್ಟ್‌ವೇರ್ ಕಂಪನಿಯವರು ‘ನಮಗೆ ಐಎಸ್‌ಒ ಸರ್ಟಿಫಿಕೇಟ್ ಇದೆ, ರಿಮೋಟ್ ಆನ್ ಇಟ್ಟಿರಿ ಸಾಕು’ ಅಂದರು ಅಂತ ಬರೆದಿದ್ದೀರಲ್ಲ, ಅಲ್ಲೇ ನನ್ನ ಎದೆ ಧಸಕ್ ಅಂದಿತು. ರಿಮೋಟ್ ಅಂದರೆ ಅವರು ದೂರದಲ್ಲೇ ಕೂತು ನಿಮ್ಮ ಕಂಪ್ಯೂಟರ್ ನಡೆಸುವ ದಾರಿ.

ಮೂರು ವರ್ಷದ ಹಿಂದೆ ನಾನೂ ಅಂಥದ್ದೇ ಆಸ್ಪತ್ರೆಯಲ್ಲಿದ್ದೆ. ಐಟಿ ವಿಭಾಗ ಅಂದರೆ ನಾನೊಬ್ಬನೇ, ಪ್ರಿಂಟರ್‌ಗೆ ಕಾರ್ಟ್ರಿಡ್ಜ್ ಹಾಕುವವನೂ ನಾನೇ. ಲ್ಯಾಬಿನ ಪರೀಕ್ಷಾ ಯಂತ್ರ ಅನಲೈಸರ್‌ನಿಂದ ರಿಸಲ್ಟ್ ಬರದಿದ್ದಾಗೆಲ್ಲ ಲ್ಯಾಬ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಫೋನ್ ಮಾಡುತ್ತಿದ್ದ, ನಾನು ಸ್ಕ್ರೀನ್ ಮೇಲಿನ ರಿಮೋಟ್ ನಂಬರ್ ಓದಿ ಹೇಳುತ್ತಿದ್ದೆ, ಅದನ್ನು ಹಾಕಿ ಅವನು ಒಳಗೆ ಬರುತ್ತಿದ್ದ. ಯುಗಾದಿಗೆ ಊರಿಗೆ ಹೊರಟಾಗ ಖಾಯಂ ಪಾಸ್‌ವರ್ಡ್ ಇಟ್ಟುಬಿಟ್ಟೆ. ಮೂರೇ ದಿನಕ್ಕೆ ಅಂತ. ವಾಪಸ್ ಬಂದ ಮೇಲೆ ತೆಗೆಯಲಿಲ್ಲ. ಮರೆತೆ ಅಂತ ಎಲ್ಲರಿಗೂ ಹೇಳಿದೆ, ಅದು ಸುಳ್ಳು. ರಾತ್ರಿ ಫೋನ್ ಬರುವುದು ನಿಂತಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಪಾಸ್‌ವರ್ಡ್ ಏನು ಅಂತೀರಾ? ಆಸ್ಪತ್ರೆಯ ಹೆಸರು, ಮುಂದೆ 123. ಅವರ ಹುಡುಗರು ಎಲ್ಲ ಗಿರಾಕಿಗಳ ಪಾಸ್‌ವರ್ಡನ್ನೂ ಒಂದೇ ಎಕ್ಸೆಲ್ ಶೀಟಲ್ಲಿ ಇಟ್ಟುಕೊಂಡಿದ್ದರಂತೆ.

ಎಂಟು ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಟೆಕ್ನಿಷಿಯನ್ ಫೋನ್: ‘ಸರ್, ಎಲ್ಲಾ ಫೈಲ್‌ಗೂ ಏನೋ ಬಾಲ ಬಂದಿದೆ.’ ರ‍್ಯಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಜಡಿದು, ಬಿಡಿಸಲು ದುಡ್ಡು ಕೇಳುವ ದಾಳಿ. ಲಾಗ್ ನೋಡಿದರೆ ರಾತ್ರಿ 1:40ಕ್ಕೆ ಯಾರೋ ಕಳ್ಳರು ಆ ಎಂಜಿನಿಯರ್ ಹೆಸರಲ್ಲೇ ಒಳಗೆ ಬಂದಿದ್ದಾರೆ. ಲ್ಯಾಬ್‌ನಿಂದ ಬಿಲ್ಲಿಂಗ್ ಸರ್ವರ್‌ಗೂ ಹೋಗಿದ್ದಾರೆ. 11 ದಿನ ರಿಪೋರ್ಟ್ ಎಲ್ಲ ಕೈಬರಹ, ವಾರ್ಡ್ ಬಾಯ್ ಕೈಯಲ್ಲಿ ಚೀಟಿ. ಇಂಥ ದಾಳಿಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನೋ 2022ರ ನಿಯಮ ಆಗ ನನಗೆ ಗೊತ್ತೇ ಇರಲಿಲ್ಲ. ಉಳಿಸಿದ್ದು ನನ್ನ ಡ್ರಾಯರ್‌ನಲ್ಲಿ ವೈರ್ ಕಿತ್ತು ಬಿದ್ದಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್, ಅದೂ ಹಿಂದಿನ ತಿಂಗಳದ್ದು.

ದೊಡ್ಡವರ ಕಥೆಯೂ ಇದೇ. 2024ರಲ್ಲಿ ಆಸ್ಪತ್ರೆಗಳ ಬಿಲ್, ವಿಮೆ ಕ್ಲೇಮ್ ನೋಡಿಕೊಳ್ಳುವ ಅಮೆರಿಕದ ಕಂಪನಿ ಚೇಂಜ್ ಹೆಲ್ತ್‌ಕೇರ್‌ಗೆ ಕಳ್ಳರು ನುಗ್ಗಿದ್ದು ಕದ್ದ ಪಾಸ್‌ವರ್ಡ್ ಹಿಡಿದು, ರಿಮೋಟ್ ಲಾಗಿನ್‌ನಿಂದ. ಓಟಿಪಿಯಂಥ ಎರಡನೇ ಬೀಗ ಅಲ್ಲಿರಲಿಲ್ಲ. ಬೀಗ ಬಿಡಿಸಲು ಕಳ್ಳರಿಗೆ 2.2 ಕೋಟಿ ಡಾಲರ್ ತೆತ್ತರು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರು ಮಾಡ್ಕೋಬೇಡಿ. ನೀವೇ ಕರೆದು ಒಳಗೆ ಬಿಟ್ಟವರನ್ನು ಫೈರ್‌ವಾಲ್ ಯಾಕೆ ತಡೆಯುತ್ತೆ? ಸರ್ಟಿಫಿಕೇಟ್ ಅವರ ಆಫೀಸಿನದು, ಆ ಹುಡುಗನ ಲ್ಯಾಪ್‌ಟಾಪಿನ ಕಥೆ ಅದರಲ್ಲಿ ಇರಲ್ಲ. ರಿಮೋಟ್ ಆಫ್ ಇಡಿ. ಅವರು ಕೇಳಿದಾಗ ಮಾತ್ರ ಆನ್ ಮಾಡಿ, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಕೂತು ನೋಡಿ, ಮುಗಿದ ತಕ್ಷಣ ಮುಚ್ಚಿ. ಹಾಗೆ ಆಗಲ್ಲ ಅಂದರೆ ಬೇರೆ ಕಂಪನಿ ಹುಡುಕಿ.

ಇವತ್ತೇ ಲ್ಯಾಬ್ ಕಂಪ್ಯೂಟರ್ ಹತ್ತಿರ ಹೋಗಿ. ಮೂಲೆಯಲ್ಲಿ ಗಡಿಯಾರದ ಪಕ್ಕ ಆ ರಿಮೋಟ್ ಐಕಾನ್ ಇದೆಯಾ ನೋಡಿ. ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ್ದಾರಾ, ಅದನ್ನೂ ನೋಡಿ. ನಮ್ಮಲ್ಲಿ ಅಂಟಿಸಿದ್ದರು.